ನೆಗೆಟಿವ್ ಬಂದವರೂ ಬೇಕು

ಜ್ವರ, ಕೆಮ್ಮು ಅಂತ ಆಸ್ಪತ್ರೆಗೆ ಹೋದರೆ ಕೆಲವೊಮ್ಮೆ ಮೂಗಿನಿಂದ ಸ್ವಾಬ್ ತೆಗೆಯುತ್ತಾರೆ. ರಿಪೋರ್ಟ್ ನೆಗೆಟಿವ್ ಬಂದರೆ 'ಸದ್ಯ, ಫ್ಲೂ ಅಲ್ಲ' ಅಂತ ಮನೆ ದಾರಿ ಹಿಡಿಯುತ್ತೇವೆ. ಆದರೆ ಫ್ಲೂ ಲಸಿಕೆ ಈ ವರ್ಷ ಎಷ್ಟು ಕೆಲಸ ಮಾಡಿತು ಅಂತ ಲೆಕ್ಕ ಹಾಕುವವರಿಗೆ ಆ ನೆಗೆಟಿವ್ ರಿಪೋರ್ಟೂ ಬೇಕು.

ಈ ಲೆಕ್ಕ ವರ್ಷ ವರ್ಷವೂ ಹಾಕಬೇಕು. ಫ್ಲೂ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಅದರ ಮೇಲೆ ಕಣ್ಣಿಡಲು ವಿಶ್ವ ಆರೋಗ್ಯ ಸಂಸ್ಥೆ 1952ರಿಂದಲೂ ದೇಶದೇಶಗಳ ಪ್ರಯೋಗಾಲಯಗಳ ಜಾಲವೊಂದನ್ನು ನಡೆಸುತ್ತಿದೆ. ಉತ್ತರ ಗೋಳಾರ್ಧದ ಲಸಿಕೆಯಲ್ಲಿ ಯಾವ ತಳಿಗಳಿರಬೇಕು ಅಂತ ಫೆಬ್ರವರಿಯಲ್ಲಿ ತೀರ್ಮಾನವಾಗುತ್ತದೆ. ಲಸಿಕೆ ತಯಾರಾಗಲು ಆರು ತಿಂಗಳಾದರೂ ಬೇಕಲ್ವಾ? ಅಷ್ಟರಲ್ಲಿ ವೈರಸ್ ಸುಮ್ನೆ ಕೂತಿರುವುದಿಲ್ಲ. 2014ರಲ್ಲಿ ಆಗಿದ್ದೂ ಇದೇ. ಫೆಬ್ರವರಿಯಲ್ಲಿ ತಳಿ ಆರಿಸಿದರು, ಮಾರ್ಚ್ ಕೊನೆಗೆ ಎಚ್3ಎನ್2 ಅನ್ನೋ ಫ್ಲೂ ವೈರಸ್‌ನ ಬದಲಾದ ರೂಪ ಕಣ್ಣಿಗೆ ಬಿತ್ತು. ಆ ಸೀಸನ್‌ನಲ್ಲಿ ಅಮೆರಿಕದಲ್ಲಿ ಲಸಿಕೆಯ ಪರಿಣಾಮ ಸುಮಾರು ಶೇ 19 ಅಷ್ಟೇ. ಹಾಗಂದ್ರೆ ಲಸಿಕೆ ಹಾಕಿಸಿಕೊಂಡ 100 ಜನರಲ್ಲಿ 81 ಜನಕ್ಕೆ ಫ್ಲೂ ಬಂತು ಅಂತಲ್ಲ. ಫ್ಲೂ ಬಂದು ಡಾಕ್ಟರ ಬಳಿ ಹೋಗಬೇಕಾದ ಸಾಧ್ಯತೆ ಶೇ 19ರಷ್ಟು ತಗ್ಗಿತು ಅಂತ.

ಇಂಥ ಅಂಕಿ ಸಿಗುವುದು ಹೇಗೆ? ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ನೇರವಾಗಿ ಹೋಲಿಸಿದರೆ ಎಡವಟ್ಟಾಗುತ್ತದೆ. ಲಸಿಕೆ ಹಾಕಿಸಿಕೊಳ್ಳುವವರಲ್ಲಿ ಅನೇಕರು ಸ್ವಲ್ಪ ಜ್ವರ ಬಂದರೂ ಡಾಕ್ಟರ ಬಳಿ ಓಡುವವರು. ಉಳಿದವರು ಕಷಾಯ ಕುಡಿದು ಮಲಗಿದರೆ ಅವರ ಫ್ಲೂ ಲೆಕ್ಕಕ್ಕೇ ಬರುವುದಿಲ್ಲ. ಲಸಿಕೆಗೆ ಸುಮ್ನೆ ಕೆಟ್ಟ ಹೆಸರು.

ಅದಕ್ಕೇ ಒಂದೇ ಥರದ ಲಕ್ಷಣ ಹೊತ್ತು ಆಸ್ಪತ್ರೆಗೆ ಬಂದವರನ್ನಷ್ಟೇ ಹೋಲಿಸುತ್ತಾರೆ. ಹೀಗೆ ಊಹಿಸಿಕೊಳ್ಳಿ: ನೆಗೆಟಿವ್ ಬಂದ 100 ಮಂದಿಯಲ್ಲಿ 50 ಜನ ಲಸಿಕೆ ಹಾಕಿಸಿಕೊಂಡವರು, 50 ಜನ ಹಾಕಿಸಿಕೊಳ್ಳದವರು. ಸಮಸಮ. ಲಸಿಕೆಯಿಂದ ಏನೂ ಪ್ರಯೋಜನವಿಲ್ಲದಿದ್ದರೆ ಪಾಸಿಟಿವ್ ಗುಂಪಿನಲ್ಲೂ ಸಮಸಮವೇ ಇರಬೇಕು. ಆದರೆ ಅಲ್ಲಿ ಹಾಕಿಸಿಕೊಳ್ಳದವರು 70, ಹಾಕಿಸಿಕೊಂಡವರು 30. ಅಂದರೆ ಹಾಕಿಸಿಕೊಂಡವರೂ ಅಷ್ಟೇ, 70 ಇರಬೇಕಾದ ಕಡೆ 40 ಕಮ್ಮಿ. 70ರಲ್ಲಿ 40, ಅಂದರೆ ಸುಮಾರು ಶೇ 57. ಇದೇ ಲಸಿಕೆಯ ಪರಿಣಾಮ. ನಿಜವಾದ ಅಧ್ಯಯನದಲ್ಲಿ ವಯಸ್ಸು, ತಿಂಗಳು, ಬೇರೆ ಕಾಯಿಲೆ ಎಲ್ಲವನ್ನೂ ಸರಿದೂಗಿಸುತ್ತಾರೆ, ಆದರೆ ತಿರುಳು ಇಷ್ಟೇ. ಇಷ್ಟು ಸರಳ ಉಪಾಯ ಇಷ್ಟು ದೊಡ್ಡ ಕೆಲಸ ಮಾಡುವುದು ನನಗಂತೂ ಖುಷಿ.

ಹಾಗಂತ ಇದರಲ್ಲಿ ತೊಡಕಿಲ್ಲ ಅಂತಲ್ಲ. ದಿನ ಕಳೆದಂತೆ ಮೂಗಿನಲ್ಲಿ ವೈರಸ್ ಕಮ್ಮಿಯಾಗುತ್ತದೆ. ತಡವಾಗಿ ಸ್ವಾಬ್ ತೆಗೆದರೆ ಫ್ಲೂ ಇದ್ದವರೂ ನೆಗೆಟಿವ್ ಗುಂಪಿಗೆ ಸೇರಿಬಿಡುತ್ತಾರೆ. 'ಜ್ವರ ಶುರುವಾಗಿ ಎಷ್ಟು ದಿನ ಆಯ್ತು?' ಅಂತ ಕೇಳಿ ಬರೆದುಕೊಳ್ಳುವುದು ಇದಕ್ಕೂ ಹೌದು. ಕೋವಿಡ್ ಬಂದ ಮೇಲೆ ಇನ್ನೊಂದು ತಲೆನೋವು. ಫ್ಲೂ ಲಸಿಕೆ ಹಾಕಿಸಿಕೊಂಡವರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡವರೂ ಜಾಸ್ತಿ. ಆ ಲಸಿಕೆಯಿಂದ ಅವರಿಗೆ ಕೋವಿಡ್ ಬರುವುದು ಕಮ್ಮಿ. ಹಾಗಾಗಿ ಫ್ಲೂ ನೆಗೆಟಿವ್, ಕೋವಿಡ್ ಪಾಸಿಟಿವ್ ಬಂದವರನ್ನು ಹೋಲಿಕೆಯ ಗುಂಪಿನಲ್ಲಿ ಇಟ್ಟುಕೊಂಡರೆ ಲೆಕ್ಕ ವಾಲುತ್ತದೆ. ಈಗ ಅನೇಕ ಅಧ್ಯಯನಗಳಲ್ಲಿ ಅವರನ್ನು ಮೊದಲೇ ಹೊರಗಿಡುತ್ತಾರೆ.