ಕೆಸರಿಗೊಂದು ಲೆಕ್ಕ, ಬಂಡೆಗೊಂದು ಲೆಕ್ಕ

ರೋಮನ್ ರಸ್ತೆ ಎಂದೊಡನೆ ನಾಲ್ಕು ಪದರದ ಅದೇ ಚಿತ್ರ ಕಣ್ಣಿಗೆ ಬೀಳುತ್ತದೆ: ದಪ್ಪ ಕಲ್ಲು, ಗಾರೆ ಬೆರೆಸಿದ ಜಲ್ಲಿ, ನಯವಾದ ಗಾರೆ, ಮೇಲೆ ಚಪ್ಪಡಿ. ರೋಮನ್ ವಾಸ್ತುಶಿಲ್ಪಿ ವಿಟ್ರುವಿಯಸ್ ಈ ಪದರಗಳನ್ನು ವಿವರಿಸಿದ್ದು ಕಟ್ಟಡದ ನೆಲಕ್ಕೆ, ರಸ್ತೆಗಲ್ಲ. 17ನೇ ಶತಮಾನದಲ್ಲಿ ಫ್ರಾನ್ಸಿನ ನಿಕೊಲಾ ಬೆರ್ಜಿಯೆ ಅದನ್ನು ರಸ್ತೆಗೆ ಅಂಟಿಸಿದ, ಇನ್ನೂ ಬಿಟ್ಟುಹೋಗಿಲ್ಲ. ಅಗೆದು ನೋಡಿದರೆ ಒಂದೊಂದು ನೆಲಕ್ಕೆ ಒಂದೊಂದು ಬಗೆ.

ಜೌಗಿನಲ್ಲಿ ರಸ್ತೆ ಕೆಡುವುದು ಬದಿಯಿಂದ. ಭಾರ ಬಿದ್ದಾಗ ನೀರು ಕುಡಿದ ಜೇಡಿ ಪಕ್ಕಕ್ಕೆ ಜಾರುತ್ತದೆ. ಮೊದಲು ಅಂಚು ಕುಸಿದು, ಆಮೇಲೆ ನಡುಭಾಗ ಇಳಿಯುತ್ತದೆ. ಇದಕ್ಕೆ ಮಾಡಿದ ಕೆಲಸದ ಕ್ರಮವನ್ನು, ಇಟಲಿಯ ಕ್ರಿ.ಶ. 95ರ ಡೊಮಿಷಿಯಾನಾ ರಸ್ತೆಯನ್ನು ಹೊಗಳುವ ಭರದಲ್ಲೇ, ಕವಿ ಸ್ಟೇಷಿಯಸ್ ಬರೆದಿಟ್ಟಿದ್ದಾನೆ. ಮೊದಲು ಸಾಲು ಹೊಡೆದು ಅಂಚು ಗುರುತಿಸಬೇಕು. ನಡುವಿನ ಮಣ್ಣನ್ನು ಆಳಕ್ಕೆ ತೆಗೆದು ಬೇರೆ ಸಾಮಗ್ರಿ ತುಂಬಬೇಕು. ಕೊನೆಗೆ ಎರಡೂ ಬದಿ ಅಂಚುಗಲ್ಲು ನಿಲ್ಲಿಸಿ, ಬೆಣೆ ಬಡಿದು ಬಿಗಿಯಬೇಕು. ಅಂಚುಗಲ್ಲು ಇಲ್ಲಿ ಅಲಂಕಾರವಲ್ಲ, ಜಾರುವ ನೆಲವನ್ನು ಹಿಡಿದಿಡುವ ಕಟ್ಟು. ಜೊತೆಜೊತೆಗೇ ಇನ್ನೊಂದು ತಂಡ ನಿಂತ ನೀರನ್ನು ಬಸಿದು, ಸಣ್ಣ ತೊರೆಗಳನ್ನು ತಿರುಗಿಸುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಜೌಗು ಸುಮ್ಮನಿರುವುದಿಲ್ಲ. ಕ್ರಿ.ಪೂ. 312ರಲ್ಲಿ ಶುರುವಾದ, ರೋಮಿನಿಂದ ದಕ್ಷಿಣಕ್ಕೆ ಹೋಗುವ ಆಪ್ಪಿಯಾ ರಸ್ತೆ ಪಾಂಟೈನ್ ಎಂಬ ಜೌಗನ್ನು ದಾಟುವಲ್ಲಿ ಪಕ್ಕದಲ್ಲೇ 19 ರೋಮನ್ ಮೈಲಿ, ಅಂದರೆ ಸುಮಾರು 28 ಕಿ.ಮೀ. ಕಾಲುವೆಯಿತ್ತು. ನೀರೂ ಬಸಿಯಿತು, ಹೇಸರಗತ್ತೆ ಎಳೆಯುವ ದೋಣಿಯಲ್ಲಿ ಪ್ರಯಾಣಿಕರೂ ಹೋದರು. ಆದರೂ ನಾಲ್ಕು ಶತಮಾನದ ಮೇಲೆ ಚಕ್ರವರ್ತಿ ಟ್ರಾಜನ್ ಈ ಭಾಗವನ್ನು ಮತ್ತೆ ದುರಸ್ತಿ ಮಾಡಿಸಬೇಕಾಯಿತು.

ಜೌಗು ಮುಗಿದಲ್ಲೇ ಟೆರಾಚಿನಾ ಊರಿನ ಬಂಡೆ ಸಮುದ್ರಕ್ಕೆ ಚಾಚಿಕೊಂಡಿದೆ. ಹಳೆಯ ದಾರಿ ಗುಡ್ಡ ಹತ್ತಿ ಇಳಿಯುತ್ತಿತ್ತು. ಗಾಡಿಗೆ ಇಳಿಜಾರು ಏರಿನಷ್ಟೇ ಕಷ್ಟ. ಟ್ರಾಜನ್‌ನ ಕಾಲದಲ್ಲಿ ಬಂಡೆಯ ಬುಡವನ್ನೇ ಕಡಿದು ದಾರಿಯನ್ನು ಸಮುದ್ರದಂಚಿಗೆ ತಂದರು. ಕಡಿದ ಗೋಡೆಯ ಮೇಲೆ ಪ್ರತಿ 10 ರೋಮನ್ ಅಡಿಗೊಂದು ಅಂಕಿ ಕೆತ್ತಲಾಗಿದೆ. ಮೇಲಿನಿಂದ ಎಣಿಸುತ್ತ ಬಂದು ಬುಡದಲ್ಲಿ 120, ಅಂದರೆ ಸುಮಾರು 35.5 ಮೀಟರ್. ಪಿಡಬ್ಲ್ಯುಡಿಯವರು ಎಂ.ಬಿ. ಎಂಬ ಅಳತೆ ಪುಸ್ತಕದಲ್ಲಿ ಬರೆಯುವುದನ್ನು ಬಂಡೆಗೇ ಬರೆದ ಹಾಗಿದೆ.

ಬಂಡೆಗೂ ಹೊಳೆಗೂ ನಡುವೆ ಜಾಗವೇ ಇಲ್ಲದಿದ್ದರೆ? ಡ್ಯಾನ್ಯೂಬ್‌ನ ಕಬ್ಬಿಣದ ಬಾಗಿಲು ಎಂಬ, ಇಂದಿನ ಸರ್ಬಿಯಾ-ರೊಮೇನಿಯಾ ಗಡಿಯ ಕಮರಿಯಲ್ಲಿ ಬಂಡೆಯಲ್ಲಿ ಕಿರಿದಾದ ಹಾದಿ ಕಡಿದು, ಕೆಳಗೆ ಸಾಲಾಗಿ ಗುಳಿ ತೋಡಿ ತೊಲೆಗಳನ್ನು ಸಿಕ್ಕಿಸಿದರು. ಹೊರಚಾಚಿದ ತೊಲೆಗಳ ಮೇಲೆ ಹಲಗೆ ಹಾಸಿ ಅಗಲ ಪಡೆದರು. ಸದಾ ನೀರಲ್ಲೇ ಮುಳುಗಿದ ಮರ ಶತಮಾನಗಳ ಕಾಲ ಬಾಳುತ್ತದೆ. ನೆನೆಯುತ್ತ ಒಣಗುತ್ತ ಇರುವ ಮರ ಬೇಗ ಕೊಳೆಯುತ್ತದೆ. ಇಲ್ಲಿನ ತೊಲೆಗಳದ್ದು ಎರಡನೆಯ ಪಾಡು, ಜೊತೆಗೆ ಪ್ರವಾಹದ ಹೊಡೆತ. ಹೀಗಾಗಿ ಚಕ್ರವರ್ತಿ ಟಿಬೇರಿಯಸ್‌ನಿಂದ ಡೊಮಿಷಿಯನ್‌ವರೆಗೆ ದುರಸ್ತಿ ನಿಲ್ಲಲಿಲ್ಲ. ಕ್ರಿ.ಶ. 100ರಲ್ಲಿ ಟ್ರಾಜನ್ ಬೆಟ್ಟ ಕಡಿದು, ತೊಲೆ ಇಟ್ಟು ರಸ್ತೆ ಮಾಡಿಸಿದನೆಂದು ಅಲ್ಲಿನ ಶಿಲಾಫಲಕ ಹೇಳುತ್ತದೆ. 20ನೇ ಶತಮಾನದ ಅಣೆಕಟ್ಟೆಯ ನೀರು ಏರಿದಾಗ ಫಲಕವನ್ನು ಬಂಡೆಯಿಂದ ಕೊಯ್ದು ಮೇಲಕ್ಕೆ ಸಾಗಿಸಿದರು. ರಸ್ತೆ ನೀರಿನಡಿಯಲ್ಲಿದೆ.