ಸಮೀಕ್ಷೆಯಲ್ಲಿ ಮುಂದಿರುವವರಿಗೇ ಟಿಕೆಟ್ ಗ್ಯಾರಂಟಿನಾ?

ಪ್ರಶ್ನೆ: ಅಮೆರಿಕದಲ್ಲಿ ಮುಂದಿನ ಅಧ್ಯಕ್ಷರ ಚುನಾವಣೆ ಇರೋದು 2028ಕ್ಕೆ. ರಿಪಬ್ಲಿಕನ್ನರಲ್ಲಿ ಇವರು ಮುಂದೆ, ಡೆಮಾಕ್ರಟರಲ್ಲಿ ಅವರು ಮುಂದೆ ಅಂತ ಈಗಲೇ ಸಮೀಕ್ಷೆಗಳು ಬರುತ್ತಿವೆ. ಇವುಗಳನ್ನು ನಂಬಬಹುದಾ? ಪಕ್ಷದ ಟಿಕೆಟ್ ಯಾರಿಗೆ ಸಿಗುತ್ತದೆ ಅಂತ ಅಂದಾಜು ಮಾಡೋದು ಹೇಗೆ?

ಉತ್ತರ: ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ, ಅಂದುಬಿಡಬಹುದು. ಆದರೆ ಈ ಸಮೀಕ್ಷೆಗಳು ಪೂರ್ತಿ ಸುಳ್ಳಲ್ಲ. ಅವು ಕೇಳುವ ಪ್ರಶ್ನೆಯೇ ಅರ್ಧ. ‘ನಿಮ್ಮ ಮೊದಲ ಆಯ್ಕೆ ಯಾರು’ ಅಂತ ಕೇಳುತ್ತಾರೆ. ಕಣದಲ್ಲಿ ಹತ್ತು ಹದಿನೈದು ಜನ ಇದ್ದಾಗ ಟಿಕೆಟ್ ತೀರ್ಮಾನ ಆಗೋದು ಬಹಳ ಸಲ ಎರಡನೇ ಆಯ್ಕೆಯ ಮೇಲೆ.

ಮೊದಲು ಒಂದು ಹಳೆ ಕಥೆ. 2007ರಲ್ಲಿ ರಿಪಬ್ಲಿಕನ್ ಸಮೀಕ್ಷೆಗಳಲ್ಲಿ ಬಹುಕಾಲ ಮುಂದಿದ್ದವರು ನ್ಯೂಯಾರ್ಕಿನ ಮಾಜಿ ಮೇಯರ್ ರೂಡಿ ಜೂಲಿಯಾನಿ. ಸೆಪ್ಟೆಂಬರ್ 11ರ ದಾಳಿ ನಡೆದಾಗ ನಗರವನ್ನು ಸಂಭಾಳಿಸಿದವರು, ದೇಶವೆಲ್ಲಾ ಗುರುತಿಸುವ ಮುಖ. ಅಮೆರಿಕದಲ್ಲಿ ಟಿಕೆಟ್‌ಗಾಗಿ ನಡೆಯುವ ಮತದಾನ ರಾಜ್ಯಗಳಲ್ಲಿ ಸರದಿಯ ಮೇಲೆ ಬೇರೆ ಬೇರೆ ದಿನ ಆಗುತ್ತೆ. ಜೂಲಿಯಾನಿ ಮೊದಲು ಮತ ಹಾಕುವ ಸಣ್ಣ ರಾಜ್ಯಗಳ ಗೋಜಿಗೆ ಅಷ್ಟಾಗಿ ಹೋಗದೆ ಫ್ಲೋರಿಡಾವನ್ನೇ ನೆಚ್ಚಿ ಕೂತರು. ಫ್ಲೋರಿಡಾದ ಸರದಿ ಬರುವ ಹೊತ್ತಿಗೆ ಮಿಕ್ಕವರು ನಾಲ್ಕಾರು ರಾಜ್ಯಗಳಲ್ಲಿ ಗೆದ್ದು ಸೋತು ಪಳಗಿದ್ದರು. ಜೂಲಿಯಾನಿ ಮೂರನೇ ಸ್ಥಾನಕ್ಕೆ ಇಳಿದರು, ಮಾರನೇ ದಿನವೇ ಕಣ ಬಿಟ್ಟರು. ಅದೇ ವರ್ಷ ಡೆಮಾಕ್ರಟರಲ್ಲಿ ಮುಂದಿದ್ದವರು ಹಿಲರಿ ಕ್ಲಿಂಟನ್. ಅವರ ಕಥೆಗೆ ಆಮೇಲೆ ಬರುತ್ತೇನೆ.

ಹಾಗಂತ ಸಮೀಕ್ಷೆ ಯಾವಾಗಲೂ ಕೈಕೊಡುತ್ತದೆ ಅಂತಲ್ಲ. 2023ರಲ್ಲಿ ರಿಪಬ್ಲಿಕನ್ ಮತದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಟ್ರಂಪ್ ಹೆಸರು ಹೇಳುತ್ತಿದ್ದರು. ಅವರ ಎದುರಾಳಿ ರಾನ್ ಡಿಸ್ಯಾಂಟಿಸ್, ಮೊದಲ ಮತದಾನ ನಡೆಯುವ ಅಯೋವಾ ರಾಜ್ಯದ 99 ಕೌಂಟಿಗಳನ್ನೂ (ನಮ್ಮ ಜಿಲ್ಲೆಗಳ ಹಾಗೆ) ಸುತ್ತಿದರು. ಕೊನೆಗೆ ಸಿಕ್ಕಿದ್ದು ಶೇ 21, ಟ್ರಂಪ್‌ಗೆ ಶೇ 51. ನನ್ನ ಲೆಕ್ಕ ಇಷ್ಟೇ: ಮುಂದಿರುವವರು ಆಗಲೇ ಅರ್ಧ ದಾಟಿದ್ದರೆ ನಂಬಿ. ಶೇ 25-30ರಲ್ಲಿ ‘ಮುಂದೆ’ ಇದ್ದರೆ, ಮಿಕ್ಕ ಶೇ 70 ಜನ ಯಾರ ಕಡೆ ಹೋಗ್ತಾರೆ ಅಂತ ಕೇಳಿ.

ನಮ್ಮಲ್ಲಿ ಟಿಕೆಟ್ ಅಂದರೆ ಬಿ ಫಾರಂ, ಬಿ ಫಾರಂ ಅಂದರೆ ಹೈಕಮಾಂಡ್. ಅಮೆರಿಕದಲ್ಲೂ ಒಂದು ಕಾಲಕ್ಕೆ ಹೆಚ್ಚುಕಡಿಮೆ ಹಾಗೇ ಇತ್ತು. 1968ರಲ್ಲಿ ಹ್ಯೂಬರ್ಟ್ ಹಂಫ್ರಿ ಒಂದೇ ಒಂದು ಪ್ರೈಮರಿಗೂ (ಪಕ್ಷದ ಟಿಕೆಟ್‌ಗಾಗಿ ರಾಜ್ಯದಲ್ಲಿ ನಡೆಯುವ ಮತದಾನ) ನಿಲ್ಲದೆ ಡೆಮಾಕ್ರಟಿಕ್ ಟಿಕೆಟ್ ಪಡೆದರು. ಹೊರಗೆ ಷಿಕಾಗೋ ಬೀದಿಗಳಲ್ಲಿ ಪೊಲೀಸರ ಲಾಠಿ, ಒಳಗೆ ಟಿಕೆಟ್ ಘೋಷಿಸುವ ಪಕ್ಷದ ಸಮಾವೇಶದಲ್ಲಿ ಕೂಗಾಟ. ಆ ಗಲಾಟೆಯ ನಂತರ ನಿಯಮ ಬದಲಿಸಲು ಪಕ್ಷ ಒಂದು ಆಯೋಗ ಮಾಡಿತು, ಜಾರ್ಜ್ ಮೆಕ್‌ಗವರ್ನ್ ಅದರ ಮುಖ್ಯಸ್ಥರಾದರು. ಅಲ್ಲಿಂದ ಟಿಕೆಟ್ ಮತದಾರರ ಕೈಗೆ ಬಂತು. ಹೊಸ ನಿಯಮದಲ್ಲಿ 1972ರಲ್ಲಿ ಮೊದಲು ಟಿಕೆಟ್ ಗೆದ್ದವರು ಯಾರು? ಅದೇ ಮೆಕ್‌ಗವರ್ನ್. ನಿಯಮ ಬರೆದವರಿಗೇ ನಿಯಮ ಚೆನ್ನಾಗಿ ಗೊತ್ತಿರುತ್ತೆ, ಅಲ್ವಾ? (ನವೆಂಬರ್‌ನಲ್ಲಿ ಅವರು 49 ರಾಜ್ಯಗಳಲ್ಲಿ ಸೋತರು, ಆ ಮಾತು ಬೇರೆ.)

ಈಗ ಎರಡನೇ ಆಯ್ಕೆಯ ವಿಷಯ. 2020ರ ಫೆಬ್ರುವರಿ 3ರ ಸಂಜೆ ಅಯೋವಾದಲ್ಲಿ ಡೆಮಾಕ್ರಟರ ಕಾಕಸ್. ನಮ್ಮಲ್ಲಿ ಆಗ ಮಾರನೇ ದಿನ ಬೆಳಗ್ಗೆ ಆರೂವರೆ, ಕಾಫಿ ಹಿಡಿದು ಟಿವಿ ಮುಂದೆ ಕೂರುವ ಹೊತ್ತು. ಅಲ್ಲಿ ಆಗಿನ ಡೆಮಾಕ್ರಟರ ಕಾಕಸ್ ಅಂದರೆ ಮತಪೆಟ್ಟಿಗೆ ಅಲ್ಲ. ಶಾಲೆಯ ಜಿಮ್ಮು, ಚರ್ಚಿನ ಹಾಲು, ಇಂಥ ಕಡೆ ಊರಿನವರು ಸೇರುತ್ತಿದ್ದರು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ನಿಮಗೆ ಬೇಕಾದವರ ಮೂಲೆಗೆ ಹೋಗಿ ನಿಲ್ಲಬೇಕಿತ್ತು, ಅಕ್ಕಪಕ್ಕದ ಮನೆಯವರ ಕಣ್ಣೆದುರೇ. ತಲೆ ಎಣಿಸುತ್ತಿದ್ದರು. ಸಾಮಾನ್ಯವಾಗಿ ಬಂದವರಲ್ಲಿ ಶೇ 15ರಷ್ಟು ಜನ ಇಲ್ಲದ ಗುಂಪು ಚದುರಬೇಕಿತ್ತು. ಆಗ ಶುರುವಾಗುತ್ತಿತ್ತು ನಿಜವಾದ ಆಟ. ‘ಬನ್ನಿ, ನಮ್ಮ ಕಡೆ ಬನ್ನಿ’ ಅಂತ ಮಿಕ್ಕ ಮೂಲೆಗಳಿಂದ ಕರೆ. ಚದುರಿದವರು ಎಲ್ಲಿಗೆ ಹೋಗ್ತಿದ್ದರೋ ಅದೇ ಅವರ ಎರಡನೇ ಆಯ್ಕೆ. ಲೆಕ್ಕ ಸಮ ಬಂದ ಕಡೆ ನಾಣ್ಯ ಚಿಮ್ಮಿ ತೀರ್ಮಾನ ಮಾಡಿದ್ದೂ ಇದೆ.

ಆ ರಾತ್ರಿ ಫಲಿತಾಂಶ ಕಳಿಸಲು ಮಾಡಿಸಿದ್ದ ಆ್ಯಪ್ ಕೆಟ್ಟು ಲೆಕ್ಕವೇ ಹೊರಬರಲಿಲ್ಲ. ಕಾಫಿ ಕುಡಿದದ್ದಷ್ಟೇ ಲಾಭ. ಕೊನೆಗೆ ಲೆಕ್ಕ ಬಂದಾಗ ಪೀಟ್ ಬುಟ್ಟಿಜಜ್ ಮತ್ತು ಬರ್ನಿ ಸ್ಯಾಂಡರ್ಸ್ ಹೆಚ್ಚುಕಡಿಮೆ ಸಮಸಮ, ಜೋ ಬೈಡನ್ ನಾಲ್ಕನೆಯವರು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಬೈಡನ್ ಐದನೆಯವರು. ಅಲ್ಲಿ ಎಣಿಕೆ ಮುಗಿಯುವ ತನಕವೂ ಕಾಯದೆ ಅವರು ಸೌತ್ ಕೆರೊಲಿನಾಕ್ಕೆ ವಿಮಾನ ಹತ್ತಿದರು. ಅವರ ಕಥೆ ಮುಗೀತು ಅಂದವರೇ ಜಾಸ್ತಿ.

ಆದರೆ ಒಂದು ಸಂಗತಿ ನೋಡಿ. ಅಯೋವಾ, ನ್ಯೂ ಹ್ಯಾಂಪ್‌ಶೈರ್ ಎರಡರಲ್ಲೂ ಇರುವವರು ಬಹುತೇಕ ಬಿಳಿಯರು. ಸೌತ್ ಕೆರೊಲಿನಾದ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮತ ಹಾಕುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಕಪ್ಪು ಜನ. ಬರಾಕ್ ಒಬಾಮಾಗೆ ಎಂಟು ವರ್ಷ ಉಪಾಧ್ಯಕ್ಷರಾಗಿದ್ದ ಬೈಡನ್ ಅವರಿಗೆ ಹೊಸಬರಲ್ಲ. ಫೆಬ್ರುವರಿ 26ಕ್ಕೆ ಅಲ್ಲಿನ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ಬೈಡನ್ ಪರ ನಿಂತರು. 29ಕ್ಕೆ ಬೈಡನ್ ಶೇ 48ಕ್ಕೂ ಜಾಸ್ತಿ ಮತ ಪಡೆದು ಗೆದ್ದರು. ಮಾರ್ಚ್ 1ಕ್ಕೆ ಬುಟ್ಟಿಜಜ್ ಹಿಂದೆ ಸರಿದರು. 2ಕ್ಕೆ ಏಮಿ ಕ್ಲೋಬುಷಾರ್. ಅದೇ ರಾತ್ರಿ ಇಬ್ಬರೂ ಡಲ್ಲಾಸ್‌ಗೆ ಬಂದು ಬೈಡನ್ ಕೈ ಹಿಡಿದರು. 3ನೇ ತಾರೀಕು ಮತದಾನ ನಡೆದ 14 ರಾಜ್ಯಗಳಲ್ಲಿ 10 ಬೈಡನ್ ಪಾಲು. ಕ್ಲೋಬುಷಾರ್ ಅವರ ತವರು ಮಿನೆಸೊಟಾ ಕೂಡ ಅದರಲ್ಲಿ ಒಂದು. ಮೂರು ದಿನದಲ್ಲಿ ಬೈಡನ್ ಬದಲಾಗಿರಲಿಲ್ಲ, ಅವರ ಭಾಷಣವೂ ಬದಲಾಗಿರಲಿಲ್ಲ. ಜಿಮ್ಮಿನ ಎರಡು ಮೂಲೆಗಳು ಚದುರಿ ಮೂರನೇ ಮೂಲೆಗೆ ಬಂದಿದ್ದವು, ಅಷ್ಟೇ.

2016ರಲ್ಲಿ ರಿಪಬ್ಲಿಕನ್ನರಲ್ಲಿ ಆದದ್ದು ಇದರ ತಿರುವುಮುರುವು. ಕಣದಲ್ಲಿ 17 ಜನ, ಯಾರೂ ಬೇಗ ಸರಿಯಲು ತಯಾರಿಲ್ಲ. ಸೌತ್ ಕೆರೊಲಿನಾದಲ್ಲಿ ಟ್ರಂಪ್‌ಗೆ ಬಂದಿದ್ದು ಶೇ 32.5. ಅಂದರೆ ಮೂವರಲ್ಲಿ ಇಬ್ಬರು ಅವರಿಗೆ ಮತ ಹಾಕಿಲ್ಲ. ಡೆಲಿಗೇಟ್‌ಗಳು, ಅಂದರೆ ಸಮಾವೇಶದಲ್ಲಿ ಅವರ ಪರ ಮತ ಹಾಕುವ ಪ್ರತಿನಿಧಿಗಳು, ಎಷ್ಟು ಬಂದರು? ಐವತ್ತಕ್ಕೆ ಐವತ್ತು. ಅಲ್ಲಿನ ರಿಪಬ್ಲಿಕನ್ ನಿಯಮ ಹಾಗಿತ್ತು: ರಾಜ್ಯದಲ್ಲಿ ಮೊದಲು ಬಂದವರಿಗೆ ಒಂದಷ್ಟು, ಪ್ರತಿ ಕ್ಷೇತ್ರದಲ್ಲಿ ಮೊದಲು ಬಂದವರಿಗೆ ತಲಾ ಮೂರು, ಎರಡನೆಯವರಿಗೆ ಸೊನ್ನೆ. ಡೆಮಾಕ್ರಟರಲ್ಲಿ ಹೀಗಿಲ್ಲ. ಶೇ 15 ದಾಟಿದವರಿಗೆಲ್ಲ ಮತದ ಪ್ರಮಾಣಕ್ಕೆ ತಕ್ಕ ಪಾಲು. ಅದೇ ಮತಗಳನ್ನು ಡೆಮಾಕ್ರಟರ ತಕ್ಕಡಿಯಲ್ಲಿ ತೂಗಿದರೆ ಟ್ರಂಪ್‌ಗೆ ಸಿಗುತ್ತಿದ್ದದ್ದು ಸುಮಾರು 21. ಮಿಕ್ಕದ್ದನ್ನು ಮಾರ್ಕೊ ರೂಬಿಯೊ ಮತ್ತು ಟೆಡ್ ಕ್ರೂಸ್ ಹಂಚಿಕೊಳ್ಳುತ್ತಿದ್ದರು. ಹೊರಗಿನಿಂದ ನೋಡಿದವರು ಟ್ರಂಪ್ ಅಲೆ ಅಂದರು. ಅಲೆ ಇತ್ತು, ಇಲ್ಲ ಅನ್ನಲ್ಲ. ಜೊತೆಗೆ ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನೋ ನಮ್ಮ ಹಳೇ ಲೆಕ್ಕವೂ ಇತ್ತು.

ಇನ್ನು ಹಿಲರಿ ಕಥೆ. 2008ರ ಫೆಬ್ರುವರಿ 5ರಂದು ಒಂದೇ ದಿನ ಹಲವು ರಾಜ್ಯಗಳಲ್ಲಿ ಮತದಾನ. ನ್ಯೂಜೆರ್ಸಿಯಲ್ಲಿ ಹನ್ನೊಂದು ಲಕ್ಷಕ್ಕೂ ಜಾಸ್ತಿ ಜನ ಮತ ಹಾಕಿದರು. ಹಿಲರಿ ಎದುರಾಳಿ ಒಬಾಮಾ ವಿರುದ್ಧ ಸುಮಾರು 1.1 ಲಕ್ಷ ಮತದ ಅಂತರದಲ್ಲಿ ಗೆದ್ದರು. ಡೆಲಿಗೇಟ್ ಲೆಕ್ಕ 59-48, ಅಂದರೆ ಹನ್ನೊಂದರ ಮುನ್ನಡೆ. ಅದೇ ದಿನ ಆಲೂಗಡ್ಡೆಗೆ ಹೆಸರಾದ ಐಡಹೋದಲ್ಲಿ ಕಾಕಸ್. ಬಂದವರು ಬರೀ ಇಪ್ಪತ್ತೊಂದು ಸಾವಿರದಷ್ಟು. ನವೆಂಬರ್‌ನಲ್ಲಿ ಡೆಮಾಕ್ರಟರು ಗೆಲ್ಲುವ ರಾಜ್ಯವೇ ಅಲ್ಲ ಅದು. ಆದರೂ ಒಬಾಮಾ ತಂಡ ಅಲ್ಲಿ ತಿಂಗಳುಗಟ್ಟಲೆ ಮೊದಲೇ ಹೋಗಿ ಕಚೇರಿ ತೆರೆದಿತ್ತು. ಲೆಕ್ಕ 15-3, ಒಬಾಮಾಗೆ ಹನ್ನೆರಡರ ಮುನ್ನಡೆ! ಟಿವಿಯಲ್ಲಿ ಎಲ್ಲರೂ ನ್ಯೂಜೆರ್ಸಿಯ ಗೆಲುವಿನ ಬಗ್ಗೆ ಮಾತಾಡಿದರು. ಹಿಲರಿ ಅಲ್ಲಿ ಗಳಿಸಿದ್ದನ್ನು ಐಡಹೋ ಸದ್ದಿಲ್ಲದೆ ತಿಂದುಹಾಕಿ ಒಂದು ಡೆಲಿಗೇಟ್ ಬಡ್ಡಿಯನ್ನೂ ವಸೂಲಿ ಮಾಡಿತ್ತು.

ದುಡ್ಡಿನ ಬಗ್ಗೆ ಕೇಳುವವರು ತುಂಬಾ. ದುಡ್ಡಿಲ್ಲದಿದ್ದರೆ ಮತದಾನದ ದಿನದ ತನಕ ಬದುಕೋದೇ ಕಷ್ಟ. ಕಮಲಾ ಹ್ಯಾರಿಸ್ 2019ರ ಡಿಸೆಂಬರ್‌ನಲ್ಲಿ, ಒಂದು ಮತವೂ ಬೀಳುವ ಮುಂಚೆ, ಇದೇ ಕಾರಣ ಹೇಳಿ ಹಿಂದೆ ಸರಿದರು. ಆದರೆ ಇದ್ದರೆ ಸಾಕು ಅಂತೇನೂ ಇಲ್ಲ. 2016ರಲ್ಲಿ ರಿಪಬ್ಲಿಕನ್ ಟಿಕೆಟ್‌ಗೆ ನಿಂತ ಜೆಬ್ ಬುಷ್ ಪರ ಹತ್ತು ಕೋಟಿ ಡಾಲರ್‌ಗೂ ಜಾಸ್ತಿ ಸೇರಿತ್ತು, ಸಿಕ್ಕಿದ್ದು ನಾಲ್ಕು ಡೆಲಿಗೇಟ್. 2020ರಲ್ಲಿ ಡೆಮಾಕ್ರಟಿಕ್ ಟಿಕೆಟ್‌ಗೆ ನಿಂತ ಮೈಕೆಲ್ ಬ್ಲೂಮ್‌ಬರ್ಗ್ ಜಾಹೀರಾತಿಗೇ ಐವತ್ತು ಕೋಟಿ ಡಾಲರ್ ದಾಟಿಸಿದರು. ಮೊದಲ ಸ್ಥಾನ ಬಂದದ್ದು ಪೆಸಿಫಿಕ್ ಸಾಗರದ ನಡುವಿನ ಅಮೆರಿಕನ್ ಸಮೋವಾ ದ್ವೀಪಗಳಲ್ಲಿ ಮಾತ್ರ.

ಹಾಗಾದರೆ 2028ಕ್ಕೆ ಏನು ನೋಡೋದು? ಟ್ರಂಪ್ ಎರಡು ಸಲ ಗೆದ್ದಾಗಿದೆ, ಸಂವಿಧಾನದ ಪ್ರಕಾರ ಮತ್ತೆ ಆಯ್ಕೆ ಆಗುವಂತಿಲ್ಲ. ಅಂದರೆ ಎರಡೂ ಪಕ್ಷಗಳಲ್ಲಿ ಕುರ್ಚಿ ಖಾಲಿ. ರಿಪಬ್ಲಿಕನ್ನರಲ್ಲಿ ಜೆ.ಡಿ. ವ್ಯಾನ್ಸ್, ಡೆಮಾಕ್ರಟರಲ್ಲಿ ಗ್ಯಾವಿನ್ ನ್ಯೂಸಮ್ ಹೆಸರು ಕೇಳುತ್ತಲೇ ಇರುತ್ತೀರಿ. ನಾನಾದರೆ ಹೆಸರಿಗಿಂತ ಮೊದಲು ಕ್ಯಾಲೆಂಡರ್ ನೋಡುತ್ತೇನೆ. ಯಾವ ರಾಜ್ಯ ಮೊದಲು ಅನ್ನೋದರಲ್ಲೇ ಅರ್ಧ ಆಟ ಇದೆ. 2024ಕ್ಕೆ ಬೈಡನ್ ತಮ್ಮನ್ನು ಉಳಿಸಿದ ಸೌತ್ ಕೆರೊಲಿನಾವನ್ನೇ ಮುಂದಕ್ಕೆ ತಂದಿದ್ದು ಸುಮ್ನೆ ಅಲ್ಲ. ಆಮೇಲೆ ಸಮೀಕ್ಷೆಯ ಪಟ್ಟಿಯ ಕೆಳಗೆ ಕಣ್ಣು ಹಾಯಿಸಿ. ‘ಇವರು ನಮಗೆ ಬೇಡವೇ ಬೇಡ’ ಅಂದವರು ಎಷ್ಟು, ‘ನಮ್ಮವರು ಇಲ್ಲದಿದ್ದರೆ ಇವರಾದರೂ ಆಗಲಿ’ ಅಂದವರು ಎಷ್ಟು ಅನ್ನೋದು ಕೆಲವು ಸಮೀಕ್ಷೆಗಳಲ್ಲಿ ಸಿಗುತ್ತೆ. ತಲೆಬರಹಕ್ಕೆ ಅದು ಬರೋದಿಲ್ಲ.

ಹೆಸರು ಹೇಳಿ ಅಂತ ಒತ್ತಾಯ ಮಾಡಿದರೆ ಹೇಳಲ್ಲ. ಜಿಮ್ಮಿ ಕಾರ್ಟರ್ ನೆನಪಿದ್ದಾರಾ? ಜಾರ್ಜಿಯಾದ ಕಡಲೆಕಾಯಿ ಬೆಳೆಗಾರ, ಅಲ್ಲಿನ ಮಾಜಿ ಗವರ್ನರ್. ಕಣಕ್ಕಿಳಿದಾಗ ‘ಯಾವ ಜಿಮ್ಮಿ?’ ಅಂತ ಕೇಳಿದವರೇ ಹೆಚ್ಚು. 1976ರ ಅಯೋವಾ ಕಾಕಸ್‌ನಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು ಶೇ 28. ಕಣದಲ್ಲಿದ್ದ ಮಿಕ್ಕ ಅಭ್ಯರ್ಥಿಗಳೆಲ್ಲ ಅವರ ಹಿಂದೆ. ಆದರೂ ಮೊದಲ ಸ್ಥಾನ ಅವರದಲ್ಲ. ಅದು ‘ಇನ್ನೂ ಯಾರು ಅಂತ ತೀರ್ಮಾನ ಮಾಡಿಲ್ಲ’ ಅಂದವರ ಗುಂಪಿಗೆ ಹೋಗಿತ್ತು, ಶೇ 37. ಮುಂದಿನ ವರ್ಷ ಜನವರಿಯಲ್ಲಿ ಕಾರ್ಟರ್ ಶ್ವೇತಭವನಕ್ಕೆ ಗಂಟುಮೂಟೆ ಸಾಗಿಸಿದರು.