ಟವರ್ ಸಿಗದ ಊರಲ್ಲಿ ಶುಗರ್ ಸೆನ್ಸರ್ ಕೆಲಸ ಮಾಡುತ್ತಾ?

ಪ್ರಶ್ನೆ: ಅಮ್ಮ ಹೊಸನಗರದ ಹತ್ತಿರ ಹಳ್ಳಿಯಲ್ಲಿದ್ದಾರೆ. ಶುಗರ್‌ಗೆ ಇನ್ಸುಲಿನ್ ತಗೊಳ್ತಾರೆ. ಮಳೆಗಾಲದಲ್ಲಿ ಟವರೂ ಇಲ್ಲ, ಕರೆಂಟೂ ಇಲ್ಲ. ತೋಳಿಗೆ ಅಂಟಿಸುವ ಸೆನ್ಸರ್ ಹಾಕಿಸಿದರೆ ಪ್ರಯೋಜನ ಇದೆಯಾ? ನಾನಿರೋದು ಬೆಂಗಳೂರಲ್ಲಿ.

ಉತ್ತರ: ಇದೆ. ಟವರ್ ಬೇಕಿರುವುದು ನಿಮಗೆ, ಅಮ್ಮನಿಗಲ್ಲ.

ಸೆನ್ಸರ್‌ನಿಂದ ಅಮ್ಮನ ಫೋನಿಗೆ ಅಂಕಿ ಹೋಗುವುದು ಬ್ಲೂಟೂತ್‌ನಲ್ಲಿ. ಆ್ಯಪ್ ಹಾಕಿ ಖಾತೆ ತೆರೆಯಲು ನೆಟ್ ಬೇಕು, ಅದನ್ನು ಪೇಟೆಯಲ್ಲೇ ಮುಗಿಸಿಕೊಳ್ಳಿ. ಆಮೇಲೆ ನೆಟ್ ಬೇಕಾಗುವುದು ಸಾಮಾನ್ಯವಾಗಿ ನಿಮ್ಮ ಫೋನಿಗೆ ಆ ಅಂಕಿ ಕಳಿಸೋಕೆ ಮಾತ್ರ. ಟವರ್ ಹೋದ ದಿನ ನಿಮಗೆ ಏನೂ ಬರಲ್ಲ. ಸದ್ದಿಲ್ಲ ಅಂದರೆ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ.

ಕೊಳ್ಳುವಾಗ ಅಲಾರಂ ಇದೆಯಾ ಅಂತ ಕೇಳಿ. ಫೋನ್ ಹತ್ತಿರ ಹಿಡಿದಾಗಷ್ಟೇ ಅಂಕಿ ತೋರಿಸುವ ಸೆನ್ಸರ್‌ಗಳೂ ಇವೆ. ಶುಗರ್ ಇಳಿದರೂ ಅವು ತಾವಾಗಿ ಕೂಗುವುದಿಲ್ಲ.

ನನಗೆ ಟವರ್‌ಗಿಂತ ಜಾಸ್ತಿ ಚಿಂತೆ ಜಂಬಿಟ್ಟಿಗೆ ಗೋಡೆಯದು. ಬ್ಲೂಟೂತ್ ತಲುಪುವುದು 20-30 ಅಡಿ, ಗೋಡೆ ಅಡ್ಡ ಬಂದರೆ ಇನ್ನೂ ಕಡಿಮೆ. ಫೋನ್ ಜಗಲಿಯಲ್ಲಿ, ಅಮ್ಮ ಕೊಟ್ಟಿಗೆಯಲ್ಲಿ ಇದ್ದರೆ ಅಲಾರಂ ಬಡಿಯಲ್ಲ. ಫೋನ್ ಹತ್ತಿರ ಬಂದಾಗ ಸೆನ್ಸರ್ ಹಿಂದಿನ ಕೆಲವು ಗಂಟೆಗಳ ಲೆಕ್ಕ ಒಪ್ಪಿಸುತ್ತದೆ, ನಿಜ. ಅಷ್ಟರಲ್ಲಿ ತಲೆ ಸುತ್ತಿ ಬಿದ್ದಿದ್ದರೆ? ಎಲೆ ಅಡಿಕೆ ಸಂಚಿಯ ಹಾಗೆ ಫೋನಿಗೂ ಸೊಂಟಕ್ಕೊಂದು ಸಂಚಿ ಹೊಲಿಸಿ, ಒಳಗೆ ಪ್ಲಾಸ್ಟಿಕ್ ಕವರ್ ಇರಲಿ. ಕರೆಂಟಿಲ್ಲದ ದಿನಕ್ಕೆ ಪವರ್ ಬ್ಯಾಂಕ್.

ಇನ್ನೊಂದು ವಿಷಯ. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಹಾಗಾಗಿ ಅಂಕಿ 5ರಿಂದ 15 ನಿಮಿಷ ಹಿಂದಿರುತ್ತದೆ. ಬೆವರು, ನಡುಕ ಬಂದೂ ಅಂಕಿ ಚೆನ್ನಾಗಿದ್ದರೆ ಬೆರಳು ಚುಚ್ಚಿ ನೋಡಲಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷಕ್ಕೆ ಮತ್ತೆ ಚುಚ್ಚಬೇಕು. ಚುಚ್ಚೋಕೆ ಆಗದಿದ್ದರೆ ಕಾಯದೆ ಸಕ್ಕರೆ ನೀರು ಕುಡಿಯಲಿ. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ರಾತ್ರಿ ಸುಳ್ಳು ಅಲಾರಂ ಬರುವುದೂ ಉಂಟು. ಆಗಲೂ ಒಮ್ಮೆ ಚುಚ್ಚಿ ನೋಡುವುದೇ ಸರಿ.

ಮಳೆ, ಸ್ನಾನಕ್ಕೆ ತೊಂದರೆಯಿಲ್ಲ. ಎಣ್ಣೆಸ್ನಾನಕ್ಕೆ ಮಾತ್ರ ಅಂಟು ಬಿಡುತ್ತದೆ. ಆ ತೋಳಿಗೆ ಎಣ್ಣೆ ಬೇಡ.

ಒಂದು ಸೆನ್ಸರ್ ಬಾಳುವುದು ಸುಮಾರು ಎರಡು ವಾರ, ಬೆಲೆ ಸಾವಿರಗಟ್ಟಲೆ. ಯಾವಾಗಲೂ ಹಾಕಿಸೋದು ಕಷ್ಟ ಅಂದರೆ ಒಮ್ಮೆ ಹಾಕಿಸಿ, ಗ್ರಾಫನ್ನು ಡಾಕ್ಟರಿಗೆ ತೋರಿಸಿ. ರಾತ್ರಿ ಶುಗರ್ ಇಳಿಯುತ್ತಾ, ಬೆಳಿಗ್ಗೆ ಅಕ್ಕಿರೊಟ್ಟಿ ತಿಂದ ಮೇಲೆ ಎಷ್ಟು ಏರುತ್ತೆ, ಎಲ್ಲ ಕಾಣುತ್ತದೆ. ಡೋಸ್ ಬದಲಿಸುವುದು ಡಾಕ್ಟರಿಗೇ ಬಿಡಿ. ಊರಿಗೆ ಹೋದಾಗ ಪಕ್ಕದ ಮನೆಯವರಿಗೂ ಆ ಅಲಾರಂ ಸದ್ದು ಒಮ್ಮೆ ಕೇಳಿಸಿ, ಸಕ್ಕರೆ ಡಬ್ಬ ಎಲ್ಲಿದೆ ತೋರಿಸಿ ಬನ್ನಿ.